ಕೋಶದಿಂದ ಕೋಶಕ್ಕೊಂದು ಕಿಂಡಿ

ಕಾವಿಗಿಟ್ಟ ಕೋಳಿಮೊಟ್ಟೆಯೊಳಗೆ ಆಗಷ್ಟೇ ಮಿಡಿಯತೊಡಗಿದ ಹೃದಯವೊಂದಿರುತ್ತದೆ. ಅದನ್ನು ಹೊರತೆಗೆದು, ಜೀವಕೋಶಗಳನ್ನು ಬಿಡಿಬಿಡಿಯಾಗಿಸಿ ಗಾಜಿನ ತಟ್ಟೆಯಲ್ಲಿ ಹರಡಿದರೂ ಹಲವು ಕೋಶಗಳು ಮಿಡಿಯುವುದನ್ನು ಬಿಡುವುದಿಲ್ಲ. ಒಂದರ ಲಯ ಚುರುಕು, ಇನ್ನೊಂದರದು ನಿಧಾನ. ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವಿಲ್ಲ. ಈಗ ಎರಡು ಕೋಶಗಳನ್ನು ಮೆಲ್ಲಗೆ ಜರುಗಿಸಿ ಮೈಗೆ ಮೈ ತಾಗಿಸಿ ಕಾದರೆ, ಸ್ವಲ್ಪ ಹೊತ್ತಿನಲ್ಲಿ ಎರಡೂ ಒಟ್ಟೊಟ್ಟಿಗೆ ಮಿಡಿಯುತ್ತವೆ. ಅಮೆರಿಕದ ರಾಬರ್ಟ್ ಡಿಹಾನ್ ಮತ್ತು ಸಹೋದ್ಯೋಗಿ ಹಿರಾಕೊವ್ 1972ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಆ ತಟ್ಟೆಯಲ್ಲಿ ಮೆದುಳು ಇರಲಿಲ್ಲ, ನರ ಇರಲಿಲ್ಲ, ಹಾರ್ಮೋನು ಹೊತ್ತು ತರುವ ರಕ್ತವೂ ಇರಲಿಲ್ಲ. ಇದ್ದದ್ದು ಎರಡು ಕೋಶ, ಅವುಗಳ ನಡುವಿನ ಸ್ಪರ್ಶ, ಅಷ್ಟೇ.

ದೇಹವೆಂದರೆ ಮೆದುಳು ಆಳುವ ರಾಜ್ಯ ಎಂದು ಶಾಲೆಯಲ್ಲಿ ಕಲಿತವರು ನಾವು. ಮೆದುಳು ಹೇಳುತ್ತದೆ, ನರ ಒಯ್ಯುತ್ತದೆ, ಅಂಗ ಕೇಳುತ್ತದೆ. ತುರ್ತಾಗಿ ಆಗಬೇಕಾದದ್ದಲ್ಲದಿದ್ದರೆ ಗ್ರಂಥಿಗಳು ರಕ್ತಕ್ಕೆ ಹಾರ್ಮೋನು ಬಿಡುತ್ತವೆ. ಇದರಲ್ಲಿ ಸುಳ್ಳೇನಿಲ್ಲ, ಆದರೆ ಅರ್ಧ ಕಥೆ ಬಿಟ್ಟುಹೋಗಿದೆ. ಕಸಿ ಮಾಡಿದ ಹೃದಯಕ್ಕೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನರಗಳೆಲ್ಲ ಕಡಿದುಹೋಗಿರುತ್ತವೆ, ಆದರೂ ಅದು ಹೊಸ ಎದೆಯಲ್ಲಿ ದಿನಕ್ಕೆ ಲಕ್ಷ ಸಲ ಮಿಡಿಯುತ್ತದೆ. ಒಂದು ಅಂಗ ಅಂಗವಾಗಿ ಉಳಿಯುವುದಕ್ಕೆ ಮೇಲಿನ ಅಪ್ಪಣೆಗಿಂತ ಹೆಚ್ಚಾಗಿ ಬೇಕಿರುವುದು ಪಕ್ಕದ ಕೋಶದ ಜೊತೆಗಿನ ನೇರ ಕೊಡುಕೊಳ್ಳುವಿಕೆ. ಅದು ನಡೆಯುವುದು ಎರಡು ಕೋಶಗಳ ಪೊರೆಗಳನ್ನು ಕೊರೆದು ಕೂತಿರುವ ಅತಿಸೂಕ್ಷ್ಮ ಕೊಳವೆಗಳ ಮೂಲಕ. ವಿಜ್ಞಾನಿಗಳು ಅವನ್ನು ಗ್ಯಾಪ್ ಜಂಕ್ಷನ್ ಎನ್ನುತ್ತಾರೆ. ಜೋಡಿಮನೆಗಳ ನಡುಗೋಡೆಯಲ್ಲಿ ಸಾರು, ಸಕ್ಕರೆ, ಸುದ್ದಿಗಳೆಲ್ಲ ದಾಟುತ್ತಿದ್ದ ಕಿಂಡಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಿಂಡಿ ಎಂದೇ ಕರೆಯೋಣ.

ಗೋಡೆ ಇದೆಯೋ ಇಲ್ಲವೋ

ಕಿಂಡಿಯ ಮಾತಿರಲಿ, ಹೃದಯದಲ್ಲಿ ಗೋಡೆಗಳೇ ಇಲ್ಲ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಇಡೀ ಹೃದಯ ಒಟ್ಟಿಗೆ ಸಂಕುಚಿಸುತ್ತದೆ, ಆದ್ದರಿಂದ ಅದು ಒಂದೇ ದೊಡ್ಡ ಕೋಶವಿರಬೇಕು, ಒಳಗೆಲ್ಲ ಒಂದೇ ರಸ ಹರಡಿರಬೇಕು ಎಂಬ ತರ್ಕ. ಆದರೆ ಜರ್ಮನಿಯ ಥಿಯೋಡೋರ್ ಎಂಗೆಲ್‌ಮನ್‌ಗೆ 1870ರ ದಶಕದಲ್ಲೇ ಇದಕ್ಕೆ ಹೊಂದದ ಒಂದು ಸಂಗತಿ ಕಂಡಿತ್ತು. ಹೃದಯದ ಸ್ನಾಯುವಿಗೆ ಒಂದು ಕಡೆ ಗಾಯ ಮಾಡಿದರೆ ಹಾನಿ ಅಲ್ಲಿಗೇ ನಿಲ್ಲುತ್ತದೆ, ಪಕ್ಕದ ಭಾಗ ತನ್ನ ಕೆಲಸ ಮುಂದುವರಿಸುತ್ತದೆ. ಎಲ್ಲವೂ ಒಂದೇ ಕೋಶವಾಗಿದ್ದರೆ ಹೀಗಾಗಬಾರದು. ಹೃದಯದ ಕೋಶಗಳು ಕೂಡಿ ಬಾಳುತ್ತವೆ, ಸಾಯುವಾಗ ಒಂಟಿಯಾಗಿ ಸಾಯುತ್ತವೆ ಎಂಬರ್ಥದ ಮಾತನ್ನು ಆತ ಹೇಳಿದ. ಈ ವಿಷಯದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ಇವತ್ತಿಗೂ ಬಂದಿಲ್ಲ ಎಂದೇ ನನ್ನ ಅನಿಸಿಕೆ.

ಉತ್ತರಕ್ಕೆ ಮುಕ್ಕಾಲು ಶತಮಾನ ಕಾಯಬೇಕಾಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಲ್ವಿಯೊ ವೈಡ್‌ಮನ್ ಆಡುಮರಿಯ ಹೃದಯದ ಎಳೆಯೊಂದಕ್ಕೆ ಸಣ್ಣ ವಿದ್ಯುತ್ ಪ್ರವಾಹ ಬಿಟ್ಟು, ಅದು ಎಷ್ಟು ದೂರ ಹೋಗುತ್ತದೆಂದು ಅಳೆದರು. ಕೋಶದ ಉದ್ದ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಪ್ರವಾಹವೋ ಸುಮಾರು ಎರಡು ಮಿಲಿಮೀಟರ್ ದೂರದಲ್ಲೂ ಗುರುತಿಸುವಷ್ಟು ಉಳಿದಿತ್ತು. ನಡುವಿನ ಹತ್ತಾರು ಕೋಶಗಳು ಅದಕ್ಕೆ ಅಡ್ಡಿಯನ್ನೇ ಮಾಡಿರಲಿಲ್ಲ. ಸರಿ, ಗೋಡೆ ಇಲ್ಲವೆಂದಾಯಿತು ಎನ್ನುವಷ್ಟರಲ್ಲಿ, 1954ರಲ್ಲಿ, ಸ್ವೀಡನ್ನಿನ ಶಸ್ಟ್ರಾಂಡ್ ಮತ್ತು ಆಂಡರ್‌ಸನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಹೃದಯದ ಸ್ನಾಯುವನ್ನಿಟ್ಟು ನೋಡಿದರು. ಗೋಡೆ ಇತ್ತು! ಪ್ರತಿ ಕೋಶಕ್ಕೂ ತನ್ನದೇ ಪೊರೆ, ಎಲ್ಲೂ ಹರಕಿಲ್ಲ. ಗೋಡೆಯೂ ನಿಜ, ಗೋಡೆ ದಾಟುವ ವಿದ್ಯುತ್ತೂ ನಿಜ.

ಇದೇ ಹೊತ್ತಿಗೆ ಲಂಡನ್ನಿನಲ್ಲಿ ಎಡ್ವಿನ್ ಫರ್ಶ್‌ಪಾನ್ ಮತ್ತು ಡೇವಿಡ್ ಪಾಟರ್ ಎಂಬ ಇಬ್ಬರು ಯುವಕರು ಸಿಗಡಿಯ ಬಂಧುವಾದ ಕ್ರೇಫಿಶ್‌ನ ನರಗಳನ್ನು ಬಿಡಿಸಿಕೊಂಡು ಕೂತಿದ್ದರು. ಅಪಾಯ ಕಂಡಾಗ ಅದು ಬಾಲ ಬಡಿದು ಹಿಂದಕ್ಕೆ ಜಿಗಿಯುವ ವೇಗ ಬೆರಗು ಹುಟ್ಟಿಸುವಂಥದ್ದು. ನರದಿಂದ ನರಕ್ಕೆ ಸಂದೇಶ ದಾಟುವುದು ರಾಸಾಯನಿಕದ ಮೂಲಕ ಎಂಬ ಅಭಿಪ್ರಾಯ ಆ ಹೊತ್ತಿಗೆ ಗಟ್ಟಿಯಾಗಿತ್ತು. ಇವರ ಅಳತೆಯಲ್ಲಿ ರಾಸಾಯನಿಕಕ್ಕೆ ಬೇಕಾಗುವಷ್ಟು ವಿಳಂಬವೇ ಕಾಣಲಿಲ್ಲ, ವಿದ್ಯುತ್ತು ಒಂದು ಕೋಶದಿಂದ ಇನ್ನೊಂದಕ್ಕೆ ನೇರವಾಗಿ ಹಾಯುತ್ತಿತ್ತು. 1959ರಲ್ಲಿ ಅವರ ಪೂರ್ಣ ಪ್ರಬಂಧ ಬಂತು.

ಹಾಯುವುದು ವಿದ್ಯುತ್ತೊಂದೇ ಅಲ್ಲ ಎಂದು ತೋರಿಸಿದವರು ನ್ಯೂಯಾರ್ಕಿನ ವರ್ನರ್ ಲೋವೆನ್‌ಸ್ಟೈನ್. ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯ ಕೋಶಗಳು ಅಸಾಮಾನ್ಯ ದೊಡ್ಡವು, ಸೂಜಿ ಚುಚ್ಚಲು ಅನುಕೂಲ. ಒಂದು ಕೋಶಕ್ಕೆ ಹೊಳೆಯುವ ಬಣ್ಣ ಚುಚ್ಚಿದರೆ ಅದು ಹೊರಗೆ ಸೋರದೆ ಪಕ್ಕದ ಕೋಶಕ್ಕೆ, ಅಲ್ಲಿಂದ ಅದರಾಚೆಯ ಕೋಶಕ್ಕೆ ಹೋಗುತ್ತಿತ್ತು. 1964ರ ಈ ಪ್ರಯೋಗದ ನಂತರ ಕಿಂಡಿ ಇದೆಯೆಂಬ ಬಗ್ಗೆ ಅನುಮಾನ ಉಳಿಯಲಿಲ್ಲ, ಕಾಣುವುದೊಂದು ಬಾಕಿಯಿತ್ತು. 1967ರಲ್ಲಿ ಹಾರ್ವರ್ಡಿನ ಜಾನ್ ಪಾಲ್ ರೆವೆಲ್ ಮತ್ತು ಮಾರಿಸ್ ಕಾರ್ನೋವ್‌ಸ್ಕಿ ಇಲಿಯ ಹೃದಯ ಮತ್ತು ಯಕೃತ್ತಿನ ಕೋಶಗಳ ನಡುವಿನ ಸಂದಿಗೆ ಲ್ಯಾಂಥನಂ ಎಂಬ ಲೋಹದ ದ್ರಾವಣ ಇಳಿಸಿದರು. ಸಾಮಾನ್ಯವಾಗಿ ಎರಡು ಕೋಶಗಳ ನಡುವೆ ಸುಮಾರು 20 ನ್ಯಾನೋಮೀಟರ್ ಅಂತರವಿರುತ್ತದೆ. ಕೆಲವು ಜಾಗಗಳಲ್ಲಿ ಮಾತ್ರ ಅದು ಎರಡು ಮೂರು ನ್ಯಾನೋಮೀಟರಿಗೆ ಇಳಿದಿತ್ತು. ಅಲ್ಲಿ ಷಟ್ಕೋನಾಕಾರದಲ್ಲಿ ಒತ್ತೊತ್ತಾಗಿ ಜೋಡಿಸಿದ ಕಣಗಳು ಕಂಡವು. ಅವೇ ಕಿಂಡಿಗಳು.

ಕನೆಕ್ಸಿನ್ ಎಂಬ ಪ್ರೋಟೀನಿನ ಆರು ಅಣುಗಳು ದುಂಡಗೆ ಸೇರಿ ಅರ್ಧ ಕೊಳವೆಯಾಗುತ್ತವೆ. ಪಕ್ಕದ ಕೋಶವೂ ಇಂಥದೇ ಅರ್ಧವನ್ನು ತನ್ನ ಕಡೆಯಿಂದ ಮುಂದೊಡ್ಡುತ್ತದೆ. ಎರಡೂ ಬಾಯಿಗೆ ಬಾಯಿ ಕೂಡಿದಾಗಲೇ ಹಾದಿ ತೆರೆಯುವುದು. ಅಂದರೆ ಒಬ್ಬರೇ ಕೊರೆದು ಮಾಡುವ ಕಿಂಡಿಯಲ್ಲ, ಇಬ್ಬರ ಒಪ್ಪಿಗೆಯೂ ಬೇಕು. ಕೊಳವೆಯ ಒಳ ಅಗಲ ಒಂದೂವರೆ ನ್ಯಾನೋಮೀಟರಿನ ಆಸುಪಾಸು. ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಅಯಾನುಗಳು, ಗ್ಲೂಕೋಸು, ಕೋಶದ ಇಂಧನವಾದ ಎಟಿಪಿ, ಕೆಲವು ಪುಟ್ಟ ಸಂದೇಶವಾಹಕ ಅಣುಗಳು ಇದರಲ್ಲಿ ದಾಟಬಲ್ಲವು. ಪ್ರೋಟೀನು, ಡಿಎನ್ಎಗಳು ದಾಟಲಾರವು. ಊಟ ಹಂಚಿಕೊಳ್ಳಬಹುದು, ಸುದ್ದಿ ಹಂಚಿಕೊಳ್ಳಬಹುದು, ಆದರೆ ಆಸ್ತಿಪತ್ರ ಮಾತ್ರ ಅವರವರ ಮನೆಯಲ್ಲೇ. ಮನುಷ್ಯರಲ್ಲಿ 21 ಬಗೆಯ ಕನೆಕ್ಸಿನ್‌ಗಳಿವೆ. ತೂಕದ ಪ್ರಕಾರ ಅವಕ್ಕೆ ಕನೆಕ್ಸಿನ್ 26, 32, 43 ಎಂದೆಲ್ಲ ಹೆಸರು. ನೀರಸ ಹೆಸರುಗಳೇನೋ ಹೌದು, ಆದರೆ ಒಂದೊಂದರ ಹಿಂದೆಯೂ ಒಂದೊಂದು ಅಂಗದ ಕಥೆಯಿದೆ. ಇವು ಒಮ್ಮೆ ಕೂರಿಸಿ ಮರೆತುಬಿಡುವಂಥವೂ ಅಲ್ಲ. ಹೃದಯದ ಕನೆಕ್ಸಿನ್ 43 ಕೆಲವೇ ಗಂಟೆಗಳಲ್ಲಿ ಸವೆದು ಹೊಸದಕ್ಕೆ ಜಾಗ ಬಿಡುತ್ತದೆ. ಬೆಳಿಗ್ಗೆ ಇದ್ದ ಕಿಂಡಿಗಳಲ್ಲಿ ಬಹುಪಾಲು ರಾತ್ರಿಗೆ ಇರುವುದಿಲ್ಲ, ಅವುಗಳ ಜಾಗದಲ್ಲಿ ಬೇರೆಯವು ಬಂದಿರುತ್ತವೆ.

ತೆರೆಯುವುದೊಂದು ಕೆಲಸ, ಮುಚ್ಚುವುದು ಇನ್ನೊಂದು

ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಪುಟ್ಟ ಕೋಶಗುಂಪೊಂದು ಪ್ರತಿ ಮಿಡಿತವನ್ನೂ ಶುರುಮಾಡುತ್ತದೆ. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ 1907ರಲ್ಲಿ ಗುರುತಿಸಿದ ಜಾಗ ಅದು. ಅಲ್ಲಿ ಹುಟ್ಟಿದ ವಿದ್ಯುತ್ತು ಕಿಂಡಿಯಿಂದ ಕಿಂಡಿಗೆ ದಾಟುತ್ತ ಹೃದಯವನ್ನೆಲ್ಲ ವ್ಯಾಪಿಸುತ್ತದೆ. ಎಲ್ಲ ಕಡೆ ಒಂದೇ ವೇಗವಲ್ಲ. ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಿನ ಗಡಿಯಲ್ಲಿ ಕಿಂಡಿಗಳು ಕಡಿಮೆ, ಇರುವವೂ ಪ್ರವಾಹವನ್ನು ಕಷ್ಟಪಟ್ಟು ಬಿಡುವ ಜಾತಿಯವು. ಅಲ್ಲಿ ವಿದ್ಯುತ್ತಿನ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರು, ಹಾಗಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡ. ಈ ತಡ ಬೇಕೇ ಬೇಕು. ಮೇಲಿನ ಕೋಣೆಗಳ ರಕ್ತ ಪೂರ್ತಿ ಕೆಳಗಿಳಿಯುವುದು ಆ ಬಿಡುವಿನಲ್ಲಿ. ಗಡಿ ದಾಟಿದ ಮೇಲೆ, ವಿದ್ಯುತ್ತನ್ನು ಒಯ್ಯುವ ಪರ್ಕಿಂಜೆ ಎಂಬ ಎಳೆಗಳಲ್ಲಿ ಕಿಂಡಿಗಳು ಧಾರಾಳ, ವೇಗ ಸೆಕೆಂಡಿಗೆ ಎರಡರಿಂದ ನಾಲ್ಕು ಮೀಟರು. ಹೃತ್ಕುಕ್ಷಿಯ ತುದಿ ಬುಡಗಳೆರಡೂ ಹೆಚ್ಚುಕಡಿಮೆ ಒಟ್ಟಿಗೇ ಹಿಂಡುತ್ತವೆ. ಎಲ್ಲಿ ಯಾವ ಕಿಂಡಿ, ಎಷ್ಟು ಕಿಂಡಿ ಎಂಬ ಹಂಚಿಕೆಗೂ ಹೃದಯದ ತಾಳದಲ್ಲಿ ದೊಡ್ಡ ಪಾಲಿದೆ.

ಹೃದಯದ ಕೋಶಗಳಲ್ಲಿ ಮಾತ್ರ ಕನೆಕ್ಸಿನ್ 43 ಇಲ್ಲದಂತೆ ಮಾಡಿದ ಇಲಿಗಳ ಬಗ್ಗೆ 2001ರಲ್ಲಿ ವರದಿ ಬಂತು. ಹೃದಯದ ಆಕಾರದಲ್ಲಿ ಕೊರತೆಯಿರಲಿಲ್ಲ, ರಕ್ತ ಒತ್ತುವ ಶಕ್ತಿಯೂ ಸರಿಯಾಗಿತ್ತು. ಆದರೂ ಎರಡು ತಿಂಗಳೊಳಗೆ ಎಲ್ಲವೂ ಲಯ ತಪ್ಪಿ ಹಠಾತ್ತನೆ ಸತ್ತವು. ಒಂದೊಂದು ಕೋಶವನ್ನೂ ಬಿಡಿಯಾಗಿ ಪರೀಕ್ಷಿಸಿದ್ದರೆ ಆರೋಗ್ಯವಂತ ಎಂದೇ ಸರ್ಟಿಫಿಕೇಟು ಸಿಗುತ್ತಿತ್ತೇನೋ.

ಹಾಗಾದರೆ ಕಿಂಡಿ ಸದಾ ತೆರೆದಿದ್ದರೆ ಒಳ್ಳೆಯದಲ್ಲವೇ? ಅಲ್ಲ. ಎಂಗೆಲ್‌ಮನ್ ಕಂಡ ಗಾಯಕ್ಕೆ ಇಲ್ಲಿ ಮರಳಬೇಕು. ಕೋಶವೊಂದು ಒಡೆದರೆ ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಆಮ್ಲ ಹೆಚ್ಚುತ್ತದೆ. ಈ ಎರಡೂ ಕಿಂಡಿ ಮುಚ್ಚುವ ಸೂಚನೆಗಳು. ಪಕ್ಕದ ಕೋಶಗಳು ಸಾಯುತ್ತಿರುವುದರ ಜೊತೆಗಿನ ವ್ಯವಹಾರ ಕಡಿದುಕೊಳ್ಳುತ್ತವೆ, ಇಲ್ಲದಿದ್ದರೆ ಅವುಗಳ ಜೀವರಸವೂ ಆ ತೂತಿನಿಂದ ಸೋರಿಹೋಗುತ್ತದೆ. ಕ್ರೂರವೆನಿಸಬಹುದು, ಆದರೆ ಇದು ಇಲ್ಲದೆ ಯಾವ ಗಾಯವೂ ಗಾಯದಷ್ಟಕ್ಕೆ ನಿಲ್ಲುತ್ತಿರಲಿಲ್ಲ.

ತೊಂದರೆಯೆಂದರೆ ಹಾರ್ಟ್ ಅಟ್ಯಾಕಿನಲ್ಲಿ ಇದೇ ಉಪಾಯ ತಿರುಗಿಬೀಳುತ್ತದೆ. ರಕ್ತನಾಳ ಕಟ್ಟಿ ಸ್ನಾಯುವಿನ ಒಂದು ಭಾಗಕ್ಕೆ ಆಮ್ಲಜನಕ ನಿಂತಾಗ ಅಲ್ಲಿಯ ಕಿಂಡಿಗಳು ಮುಚ್ಚತೊಡಗುತ್ತವೆ. ಎಲ್ಲವೂ ಒಮ್ಮೆಗೇ ಅಲ್ಲ, ಅಲ್ಲೊಂದು ಇಲ್ಲೊಂದು. ಉಳಿದ ಕನೆಕ್ಸಿನ್‌ಗಳು ಕೋಶದ ತುದಿಗಳಿಂದ ಜಾರಿ ಪಕ್ಕೆಗಳಿಗೆ ಸರಿಯುತ್ತವೆ. ನೇರ ಹೋಗಬೇಕಾದ ವಿದ್ಯುತ್ತು ಅಡ್ಡಾದಿಡ್ಡಿ ಸುತ್ತಿ, ಆಗಷ್ಟೇ ಮಿಡಿದು ಮುಗಿಸಿದ ಕೋಶಕ್ಕೆ ಹಿಂದಿನಿಂದ ಬಂದು ಮತ್ತೆ ತಗಲುತ್ತದೆ. ಹೀಗೆ ಸುತ್ತುವ ಸುಳಿಗಳು ಹೆಚ್ಚಿದರೆ ಹೃದಯ ಹಿಂಡುವುದನ್ನು ಬಿಟ್ಟು ಅದುರುತ್ತದೆ. ಹೃದಯಾಘಾತವಾದವರು ಆಸ್ಪತ್ರೆ ತಲುಪುವ ಮೊದಲೇ ತೀರಿಹೋದರು ಎಂದು ನಾವು ಕೇಳುವ ಸಾವುಗಳಲ್ಲಿ ಬಹಳಷ್ಟರ ಹಿಂದೆ ಇರುವುದು ಈ ಅದುರು. ಸ್ನಾಯು ಸತ್ತದ್ದಕ್ಕಿಂತ, ಬದುಕಿದ್ದ ಸ್ನಾಯುವಿನ ಒಮ್ಮತ ಮುರಿದದ್ದು ಜೀವ ತೆಗೆದಿರುತ್ತದೆ.

ಹೆರಿಗೆಯ ದಿನ

ಹೃದಯಕ್ಕೆ ಕಿಂಡಿ ಸದಾ ಬೇಕು. ಗರ್ಭಕೋಶಕ್ಕೆ ಬೇಕಾಗುವುದು ಒಂದೆರಡು ದಿನದ ಮಟ್ಟಿಗೆ. ಒಂಬತ್ತು ತಿಂಗಳು ಅದರ ಸ್ನಾಯುಕೋಶಗಳು ಪರಸ್ಪರ ಮಾತಾಡದೆ ಇರಬೇಕು. ಎಲ್ಲೋ ನಾಲ್ಕು ಕೋಶ ಕುಗ್ಗಿದರೆ ಆ ಅಲೆ ಮುಂದೆ ಹೋಗದೆ ಅಲ್ಲೇ ಸಾಯಬೇಕು. ಕೊನೆಯ ತಿಂಗಳುಗಳಲ್ಲಿ ಗರ್ಭಿಣಿಯರಿಗೆ ಹೊಟ್ಟೆ ಆಗಾಗ ಗಟ್ಟಿಯಾಗಿ ಸಡಿಲವಾಗುತ್ತದಲ್ಲ, 'ಸುಳ್ಳು ನೋವು' ಎಂದು ಹಿರಿಯ ಹೆಂಗಸರು ಸಮಾಧಾನ ಹೇಳುವುದು, ಅದು ಹೆಚ್ಚುಕಡಿಮೆ ಇಂಥ ಚದುರಿದ ಕುಗ್ಗುವಿಕೆ.

1977ರಲ್ಲಿ ರಾಬರ್ಟ್ ಗಾರ್ಫೀಲ್ಡ್ ಮತ್ತು ಸಂಗಡಿಗರು ಬಸುರಿ ಇಲಿಗಳ ಗರ್ಭಕೋಶವನ್ನು ದಿನದಿನವೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಸಿರಿನ ಬಹುಭಾಗ ಕಿಂಡಿಗಳು ಕಾಣುವುದೇ ಇಲ್ಲವೆನ್ನುವಷ್ಟು ಕಡಿಮೆ. ಪ್ರಸವ ಹತ್ತಿರವಾದಂತೆ ಒಮ್ಮೆಲೇ ರಾಶಿರಾಶಿ. ಹೆರಿಗೆಯಾಗಿ ಒಂದು ದಿನ ಕಳೆಯುವಷ್ಟರಲ್ಲಿ ಮತ್ತೆ ಮಾಯ. ಪ್ರೊಜೆಸ್ಟರಾನ್ ಹಾರ್ಮೋನು ಇರುವತನಕ ಕನೆಕ್ಸಿನ್ 43 ಹೆಚ್ಚಲು ಬಿಡುವುದಿಲ್ಲ, ಅದರ ಹಿಡಿತ ಸಡಿಲಿ ಈಸ್ಟ್ರೋಜನ್ನಿನ ಕೈ ಮೇಲಾದಾಗ ಕಿಂಡಿಗಳು ಏಳುತ್ತವೆ. ಆಗ ಒಂದು ಮೂಲೆಯಲ್ಲಿ ಹುಟ್ಟಿದ ಕುಗ್ಗುವಿಕೆ ಇಡೀ ಗರ್ಭಕೋಶವನ್ನು ಹಿಂಡುತ್ತದೆ, ಮಗುವನ್ನು ಕೆಳಕ್ಕೆ ನೂಕುತ್ತದೆ. ನೋವು ಬರಲೆಂದು ಆಸ್ಪತ್ರೆಯಲ್ಲಿ ಏರಿಸುವ ಆಕ್ಸಿಟೋಸಿನ್ ಡ್ರಿಪ್ ಕೆಲವರಿಗೆ ಬೇಗ ಹತ್ತಿ ಕೆಲವರಿಗೆ ಹತ್ತದಿರಲು ಕಾರಣಗಳು ಹಲವು. ಗರ್ಭಕೋಶ ಒಳಗಿನಿಂದ ಎಷ್ಟು ತಯಾರಾಗಿದೆ ಎಂಬುದು ಅವುಗಳಲ್ಲೊಂದು, ಆ ತಯಾರಿಯಲ್ಲಿ ಕಿಂಡಿಗಳೂ ಸೇರಿವೆ.

ಸಕ್ಕರೆ ಕಾಯಿಲೆಯ ನಾಡಿನಲ್ಲಿ ಮೇದೋಜ್ಜೀರಕ ಗ್ರಂಥಿಯ ಹೆಸರೆತ್ತದೆ ಮುಂದೆ ಹೋಗುವಂತಿಲ್ಲ. ಅಲ್ಲಿನ ಬೀಟಾ ಕೋಶಗಳು ಇನ್ಸುಲಿನ್ನನ್ನು ಅಲೆಅಲೆಯಾಗಿ, ಒಟ್ಟಾಗಿ ಬಿಡುವುದು ಕನೆಕ್ಸಿನ್ 36ರ ಕಿಂಡಿಗಳಿಂದಾಗಿ. ನರದ ಹೊದಿಕೆಯಲ್ಲಿ ಇನ್ನೂ ಸೋಜಿಗದ ಏರ್ಪಾಡಿದೆ. ನರವನ್ನು ಸುರುಳಿಸುರುಳಿಯಾಗಿ ಸುತ್ತಿಕೊಂಡ ಶ್ವಾನ್ ಕೋಶ ತನ್ನದೇ ಪದರಗಳ ನಡುವೆ ಕಿಂಡಿ ಮಾಡಿಕೊಂಡು, ತನ್ನೊಳಗೆ ತಾನೇ ಅಡ್ಡದಾರಿ ಹಿಡಿಯುತ್ತದೆ. ಅಲ್ಲಿಯ ಕನೆಕ್ಸಿನ್ 32 ಕೆಟ್ಟರೆ ಕೈಕಾಲಿನ ತುದಿಯ ಸ್ನಾಯುಗಳು ಸೊರಗುವ ವಂಶವಾಹಿ ಕಾಯಿಲೆ ಬರುತ್ತದೆಂದು 1993ರಲ್ಲಿ ತಿಳಿಯಿತು. ಕಿಂಡಿ ಕೆಡುವುದೇ ಕ್ಯಾನ್ಸರಿಗೆ ಮೂಲವಿರಬಹುದೆಂದು ಲೋವೆನ್‌ಸ್ಟೈನ್ ಊಹಿಸಿದ್ದರು. ಅದು ಅಷ್ಟು ಸರಳವಲ್ಲವೆಂದು ಆಮೇಲೆ ಗೊತ್ತಾಯಿತು. ಕೆಲವು ಗಡ್ಡೆಗಳಲ್ಲಿ ಕಿಂಡಿ ಕಳೆದುಹೋಗಿರುತ್ತದೆ, ಇನ್ನು ಕೆಲವು ಗಡ್ಡೆಗಳು ಹರಡಲು ಕಿಂಡಿಗಳನ್ನೇ ಬಳಸಿಕೊಳ್ಳುತ್ತವೆ.

ರಕ್ತ ಹರಿಯದ ಮಸೂರ

ಕಣ್ಣಿನ ಮಸೂರದಲ್ಲಿ ರಕ್ತನಾಳವಿಲ್ಲ. ಇದ್ದರೆ ಬೆಳಕಿಗೆ ಅಡ್ಡ. ಒಳಗಿನ ಕೋಶಗಳು ಪಾರದರ್ಶಕವಾಗಲೆಂದು ತಮ್ಮ ಕೋಶಕೇಂದ್ರವನ್ನೂ ಕಳೆದುಕೊಂಡಿರುತ್ತವೆ. ನಡುವಿನ ಕೋಶಗಳಂತೂ ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಿನವು, ಸಾಯುವವರೆಗೂ ಅವೇ. ಇವನ್ನು ಸಾಕುವವರು ಯಾರು? ಹೊರಪದರದ ಕೋಶಗಳು, ಕನೆಕ್ಸಿನ್ 46 ಮತ್ತು 50ರ ಕಿಂಡಿಗಳ ಮೂಲಕ. ಈ ಸಾಲು ಎಲ್ಲಾದರೂ ಕೆಟ್ಟರೆ ಒಳಗೆ ಕ್ಯಾಲ್ಸಿಯಂ ಕೂಡಿ, ಪ್ರೋಟೀನು ಗಟ್ಟಿಕಟ್ಟಿ, ಕಣ್ಣಿಗೆ ಪೊರೆ ಬರುತ್ತದೆ.

ಇಲ್ಲೊಂದು ಸ್ವಾರಸ್ಯದ ಹಿನ್ನೆಲೆಯಿದೆ. 1963ರಲ್ಲಿ ಇಂಗ್ಲೆಂಡಿನ ಜೇಮ್ಸ್ ರೆನ್ವಿಕ್ ಮತ್ತು ಸಿಲ್ವಿಯಾ ಲಾಲರ್, ಹುಟ್ಟಿನಿಂದಲೇ ಕಣ್ಣಿನ ಪೊರೆ ಬರುತ್ತಿದ್ದ ಕುಟುಂಬವೊಂದರಲ್ಲಿ ಆ ದೋಷ ಡಫಿ ಎಂಬ ರಕ್ತದ ಗುಂಪಿನ ಜೊತೆಜೊತೆಗೆ ಸಾಗುವುದನ್ನು ಗುರುತಿಸಿದರು. 1968ರಲ್ಲಿ ಡಫಿಯ ವಂಶವಾಹಿ ಒಂದನೆಯ ವರ್ಣತಂತುವಿನಲ್ಲಿದೆಯೆಂದು ರೋಜರ್ ಡೊನಾಹ್ಯೂ ತೋರಿಸಿದರು. ಲಿಂಗ ನಿರ್ಧರಿಸುವ ವರ್ಣತಂತುಗಳನ್ನು ಬಿಟ್ಟರೆ ಮನುಷ್ಯನ ವಂಶವಾಹಿಯೊಂದಕ್ಕೆ ವಿಳಾಸ ಸಿಕ್ಕಿದ್ದು ಅದೇ ಮೊದಲು. ಅದರ ಜೊತೆಗೆ ಪೊರೆಯ ದೋಷಕ್ಕೂ ವಿಳಾಸ ಸಿಕ್ಕಂತಾಯಿತು, ಆದರೆ ದೋಷವೇನೆಂದು ಗೊತ್ತಾದದ್ದು 1998ರಲ್ಲಿ. ಕನೆಕ್ಸಿನ್ 50ರ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು.

ಕಿವಿ, ಮತ್ತು ನಮ್ಮ ಮದುವೆಗಳು

ಕೊನೆಗೆ ಉಳಿಸಿಕೊಂಡದ್ದು ಕಿವಿಯನ್ನು, ಅದು ನಮಗೆ ತೀರ ಹತ್ತಿರದ ವಿಷಯವಾದ್ದರಿಂದ. ಒಳಗಿವಿಯ ಬಸವನಹುಳುವಿನಾಕಾರದ ಸುರುಳಿಯಲ್ಲಿ ಪೊಟ್ಯಾಸಿಯಂ ತುಂಬಿದ ದ್ರವವಿದೆ. ಶಬ್ದ ಬಂದು ಕೂದಲುಕೋಶಗಳು ಬಾಗಿದಾಗ ಆ ಪೊಟ್ಯಾಸಿಯಂ ಅವುಗಳೊಳಗೆ ನುಗ್ಗಿ ಸಂಕೇತ ಹುಟ್ಟುತ್ತದೆ. ಕೂದಲುಕೋಶಗಳಿಗೆ ಕಿಂಡಿಗಳಿಲ್ಲ. ಸುತ್ತಲಿನ ಆಧಾರಕೋಶಗಳಿಗೆ ಹೇರಳವಾಗಿವೆ. ಅವು ಹೊರಬಿದ್ದ ಪೊಟ್ಯಾಸಿಯಂ ಹೀರಿ ಕೈಯಿಂದ ಕೈಗೆ ದಾಟಿಸಿ ದ್ರವಕ್ಕೆ ಮರಳಿಸುತ್ತವೆ, ಗ್ಲೂಕೋಸು ಹಂಚುತ್ತವೆ, ಎಳವೆಯಲ್ಲಿ ಒಳಗಿವಿ ಸರಿಯಾಗಿ ರೂಪುಗೊಳ್ಳಲೂ ನೆರವಾಗುತ್ತವೆ. ಈ ಕಿಂಡಿಗಳ ಮುಖ್ಯ ಪ್ರೋಟೀನು ಕನೆಕ್ಸಿನ್ 26. ಇದರ ದೋಷವೇ ಹುಟ್ಟುಕಿವುಡಿಗೆ ಕಾರಣವಾಗಬಲ್ಲದೆಂದು ಲಂಡನ್ನಿನ ತಂಡವೊಂದು 1997ರಲ್ಲಿ ತೋರಿಸಿತು. ಇಂದು ಜಗತ್ತಿನ ಬಹುಭಾಗದಲ್ಲಿ ವಂಶಪಾರಂಪರ್ಯ ಕಿವುಡಿನ ಅತಿ ಸಾಮಾನ್ಯ ಕಾರಣಗಳಲ್ಲಿ ಅದೂ ಒಂದು.

ಭಾರತದಲ್ಲಿ ಹೆಚ್ಚಾಗಿ ಕಾಣುವ ದೋಷ ಒಂದು ನಿರ್ದಿಷ್ಟ ಬಗೆಯದು. 226 ಅಮೈನೋ ಆಮ್ಲಗಳ ಸರಪಳಿಯಾಗಬೇಕಾದ ಕನೆಕ್ಸಿನ್ 26, ಇಪ್ಪತ್ತನಾಲ್ಕನೆಯ ಜಾಗದಲ್ಲೇ ಕಡಿದುಬೀಳುತ್ತದೆ. ಕಿಂಡಿ ಹುಟ್ಟುವುದೇ ಇಲ್ಲ. ಇದೇ ದೋಷ ಯುರೋಪಿನ ರೋಮಾ ಜನರಲ್ಲೂ ಇದೆ. ಸುಮಾರು ಸಾವಿರ ವರ್ಷಗಳ ಹಿಂದೆ ಇಲ್ಲಿಂದ ಹೊರಟ ಪೂರ್ವಿಕರ ಜೊತೆ ಅದೂ ಹೋಗಿದೆ.

ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮಗುವಿಗೆ ಕಿವುಡು. ಒಂದೇ ಪ್ರತಿ ಇರುವವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಇದೆಯೆಂಬುದೇ ಗೊತ್ತಿರುವುದಿಲ್ಲ. ಇಬ್ಬರೂ ಅಂಥವರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಸೋದರಮಾವನಲ್ಲಿ ಇಂಥ ಒಂದು ಪ್ರತಿ ಇದ್ದರೆ ಅಕ್ಕನ ಮಗಳಲ್ಲೂ ಅದೇ ಇರುವ ಸಾಧ್ಯತೆ ನಾಲ್ಕರಲ್ಲೊಂದು. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟರಲ್ಲೊಂದು. ಹೊರಗಿನ ಸಂಬಂಧದಲ್ಲಿ ಇದಕ್ಕಿಂತ ಬಹಳ ಕಡಿಮೆ. ಹಳೇ ಮೈಸೂರಿನಲ್ಲೂ ಉತ್ತರ ಕರ್ನಾಟಕದಲ್ಲೂ ಸೋದರಿಕೆಯ ಮದುವೆ ಇನ್ನೂ ನಡೆಯುತ್ತಿದೆ. ಆಸ್ತಿ ಒಡೆಯಬಾರದು, ಹೆಣ್ಣು ದೂರ ಹೋಗಬಾರದು ಎಂಬ ಕಾರಣಗಳು ಹೇಳುವವರಿಗೆ ಗಟ್ಟಿಯಾಗಿಯೇ ಕಾಣುತ್ತವೆ. ಮನೆತನದಲ್ಲಿ ಒಬ್ಬರಾದರೂ ಹುಟ್ಟುಕಿವುಡರಿದ್ದರೆ ಸಂಬಂಧ ಕೂಡಿಸುವ ಮೊದಲು ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದರಲ್ಲಿ ಅವಮಾನವೇನಿಲ್ಲ. ಇಂಥ ಮಗು ಹುಟ್ಟಿದಾಗ ತಾಯಿಯೊಬ್ಬಳನ್ನೇ ದೂರುವ ನಮ್ಮ ಮನೆಗಳಿಗಂತೂ ಈ ಲೆಕ್ಕ ಗೊತ್ತಿರಲೇಬೇಕು: ಇಲ್ಲಿ ಪಾಲು ಇಬ್ಬರದೂ ಸಮ.

ಕನೆಕ್ಸಿನ್ 26ರ ಕಿವುಡಿನಲ್ಲಿ ಮೆದುಳಿಗೆ ಹೋಗುವ ಶ್ರವಣನರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕೆಟ್ಟಿರುವುದು ಅದರ ಹಿಂದಿನ ಕೊಂಡಿ. ಕಾಕ್ಲಿಯರ್ ಇಂಪ್ಲಾಂಟ್ ಆ ಕೊಂಡಿಯನ್ನು ಬಿಟ್ಟು ನೇರವಾಗಿ ನರಕ್ಕೇ ಸಂಕೇತ ಕೊಡುತ್ತದೆ. ಆದ್ದರಿಂದ ಇಂಥ ಮಕ್ಕಳಲ್ಲಿ ಫಲಿತಾಂಶ ಒಳ್ಳೆಯದು, ಬೇಗ ಮಾಡಿದರೆ. ಮಾತು ಕಲಿಯುವ ವಯಸ್ಸು ದಾಟಿದ ಮೇಲೆ ಅದೇ ಯಂತ್ರ ಅಷ್ಟು ಕೆಲಸ ಮಾಡದು. 'ನಮ್ಮ ಮನೇಲಿ ಎಲ್ಲರೂ ತಡವಾಗಿಯೇ ಮಾತಾಡಿದ್ದು' ಎಂದು ಅಜ್ಜಿ ಹೇಳಿದ್ದನ್ನು ನಂಬಿ ಮೂರು ವರ್ಷ ಕಾದ ಮಗು ಕಳೆದುಕೊಳ್ಳುವುದು ಇದನ್ನೇ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ವೈದ್ಯರು ಒಪ್ಪಿದ ಕ್ರಮ. ಮಗುವಿನ ಕಿವಿಗೆ ಪುಟ್ಟ ಬಿರಡೆಯಿಟ್ಟು ಮಾಡುವ ಒಎಇ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಚುಚ್ಚುವುದಿಲ್ಲ, ನೋವಾಗುವುದಿಲ್ಲ, ಮಗು ನಿದ್ದೆಯಲ್ಲೇ ಇರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ತರಬೇತಿ ಎರಡೂ ಸಿಗುತ್ತವೆ. ಹೆರಿಗೆಯಾದ ಆಸ್ಪತ್ರೆಯಿಂದ ಮಗುವನ್ನು ಮನೆಗೆ ಕರೆದೊಯ್ಯುವ ಮೊದಲು, ಕಿವಿ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿ. ಇಲ್ಲವೆಂದರೆ ಎಲ್ಲಿ ಮಾಡುತ್ತಾರೆಂದು ಕೇಳಿಕೊಂಡು, ಅದೇ ತಿಂಗಳಲ್ಲಿ ಮಾಡಿಸಿ.